ಮೇಣ ಮೆತ್ತಿದ ಆ ಕಪ್ಪು ಬಾಟಲಿ

ಶಿಕಾಗೋಗೆ ಬಂದು ಎರಡೇ ತಿಂಗಳಾಗಿದೆ ಅಂದಿರಿ. ಶನಿವಾರ ಆಫೀಸಿನವರೊಬ್ಬರ ಮನೆಯಲ್ಲಿ ಬಾಟಲ್ ಶೇರ್, ಅಂದರೆ ಒಬ್ಬೊಬ್ಬರು ತಂದ ಬಾಟಲಿಯನ್ನು ಎಲ್ಲರೂ ಸ್ವಲ್ಪಸ್ವಲ್ಪ ಹಂಚಿಕೊಂಡು ರುಚಿ ನೋಡುವ ಕೂಟ ಇದೆ, ಡಾರ್ಕ್ ಲಾರ್ಡ್ ಅನ್ನೋ ಇಂಪೀರಿಯಲ್ ಸ್ಟೌಟ್, ಅಂದರೆ ತುಂಬಾ ಗಟ್ಟಿಯಾದ ಕಪ್ಪು ಬಿಯರ್, ತೆರೆಯುತ್ತಾರೆ. ಊರಲ್ಲಿ ಬಿಯರ್ ಕುಡಿದು ಗೊತ್ತು, ಇದರಲ್ಲಿ ಏನು ವಿಶೇಷ, ಏನು ತಗೊಂಡು ಹೋಗಲಿ, ನಾನಿರುವ ಉಪನಗರ ನೇಪರ್‌ವಿಲ್‌ಗೆ ಕಾರಲ್ಲೇ ವಾಪಸ್ ಬರಬಹುದಾ ಅಂತ ನಿಮ್ಮ ಪ್ರಶ್ನೆ.

ಕಾರಿನ ಮಾತು ಮೊದಲು. ಬೇಡ. ಬರೋವಾಗ ಮಾತ್ರ ಅಲ್ಲ, ಹೋಗೋವಾಗಲೂ ತೆಗೆಯಬೇಡಿ. ಆ ಬಾಟಲಿ 22 ಔನ್ಸಿನದು, ಅಂದರೆ 650 ಎಂಎಲ್, ಊರಿನ ಬಿಯರ್ ಬಾಟಲಿಯ ಅಳತೆಯೇ. ಕಣ್ಣು ಮೋಸ ಹೋಗುವುದು ಅಲ್ಲೇ. ಊರಿನ ಸ್ಟ್ರಾಂಗ್ ಬಿಯರಿನಲ್ಲಿ ಆಲ್ಕೋಹಾಲ್ ಹೆಚ್ಚೆಂದರೆ ಶೇ. 8, ಇದರಲ್ಲಿ ಶೇ. 15ರ ಆಸುಪಾಸು. ಒಂದು ಬಾಟಲಿಯಲ್ಲಿ ಸುಮಾರು 97 ಎಂಎಲ್ ಶುದ್ಧ ಆಲ್ಕೋಹಾಲ್ ಆಯಿತು. ಊರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಇರುವುದು 77. ಅಂದರೆ ಒಬ್ಬರೇ ಮುಗಿಸಿದರೆ ಒಂದೂಕಾಲು ಕ್ವಾರ್ಟರ್ ಇಳಿಸಿದ ಹಾಗೆ. ಇಲ್ಲಿನ ಲೆಕ್ಕದಲ್ಲಿ ಅದು ಐದೂವರೆ ಡ್ರಿಂಕ್, ಒಂದು ಡ್ರಿಂಕ್ ಕರಗಿಸಲು ದೇಹಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು.

ವೀಸಾದ ಮೇಲೆ ಇರುವವರಿಗೆ ದಂಡ ಕಟ್ಟಿ ಮುಗಿಯುವ ವಿಷಯವಲ್ಲ ಇದು. ಇಲಿನಾಯ್‌ನಲ್ಲಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲಿನ ಮಿತಿ ಶೇ. 0.08. ಕುಡಿದು ಓಡಿಸಿದ್ದಕ್ಕೆ ಬಂಧನವಾದರೆ ಸಾಕು, ಕೋರ್ಟು ತೀರ್ಪು ಕೊಡುವ ಮೊದಲೇ ಪಾಸ್‌ಪೋರ್ಟಿನಲ್ಲಿರುವ ವೀಸಾ ರದ್ದು ಮಾಡುವ ಪದ್ಧತಿ 2015ರಿಂದ ಇದೆ. ಆಮೇಲೆ ಊರಿಗೆ ಹೋದವರು ಹೊಸ ವೀಸಾ ಇಲ್ಲದೆ ವಾಪಸ್ ಬರಲಾರರು, ಅದಕ್ಕೆ ವೈದ್ಯಕೀಯ ತಪಾಸಣೆಯೂ ಸೇರಿಕೊಳ್ಳುತ್ತದೆ. ಯೂನಿಯನ್ ಸ್ಟೇಷನ್‌ನಿಂದ ಮೆಟ್ರಾ ರೈಲಿನ ಬಿಎನ್‌ಎಸ್‌ಎಫ್ ಲೈನ್ ನೇಪರ್‌ವಿಲ್‌ಗೆ ಬರುತ್ತದೆ. ವಾರಾಂತ್ಯದ ಟೈಮ್‌ಟೇಬಲ್ ಬೇರೆ, ಕೊನೆಯ ರೈಲು ಎಷ್ಟಕ್ಕೆ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಯಾರಾದರೂ ಕಾರಲ್ಲಿ ಬಿಡುವುದಾದರೆ, ತೆರೆದ ಬಾಟಲಿ ಡಿಕ್ಕಿಯಲ್ಲೇ ಇರಬೇಕು, ಸೀಟಿನ ಹತ್ತಿರ ಇಟ್ಟುಕೊಂಡರೆ ಅದೂ ಅಪರಾಧವೇ.

ಈಗ ಬಿಯರಿಗೆ ಬರೋಣ. ಇಂಪೀರಿಯಲ್ ಸ್ಟೌಟ್‌ನ ಮೂಲ ಲಂಡನ್. 18ನೇ ಶತಮಾನದಲ್ಲಿ ಸದರ್ಕ್‌ನ ಥ್ರೇಲ್ ಬ್ರೂವರಿಯಿಂದ ರಷ್ಯಾದ ರಾಣಿ ಕ್ಯಾಥರೀನ್‌ಳ ಆಸ್ಥಾನಕ್ಕೆ ಹೋಗುತ್ತಿದ್ದ ಪೋರ್ಟರ್ ಅನ್ನೋ ಗಟ್ಟಿ ಕಪ್ಪು ಬಿಯರ್ ಇದರ ಅಜ್ಜ. ಡಾರ್ಕ್ ಲಾರ್ಡ್ ಮಾಡುವವರು ತ್ರೀ ಫ್ಲಾಯ್ಡ್ಸ್, ಇಲಿನಾಯ್ ಗಡಿ ದಾಟಿದ ಕೂಡಲೇ ಸಿಗುವ ಇಂಡಿಯಾನಾದ ಮನ್‌ಸ್ಟರ್ ಊರಿನವರು. ಕಾಫಿ, ಮೆಕ್ಸಿಕೋದ ವೆನಿಲ್ಲಾ, ಭಾರತದ ಸಕ್ಕರೆ ಹಾಕುತ್ತೇವೆ ಅಂತ ಅವರೇ ಹೇಳುತ್ತಾರೆ. ಸಿಹಿಗೆ ಕಾರಣ ಸಕ್ಕರೆಯೊಂದೇ ಅಲ್ಲ. ಇಂಥ ಸ್ಟೌಟಿಗೆ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಎಷ್ಟು ಹಾಕುತ್ತಾರೆಂದರೆ ಯೀಸ್ಟಿಗೆ ಪೂರ್ತಿ ತಿಂದು ಮುಗಿಸಲು ಆಗುವುದಿಲ್ಲ. ತಾನೇ ಮಾಡಿದ ಆಲ್ಕೋಹಾಲಿನಲ್ಲಿ ಅದು ಸುಸ್ತಾಗಿ ನಿಲ್ಲುತ್ತದೆ, ಉಳಿದ ಸಿಹಿ ಬಾಟಲಿಗೆ ಬರುತ್ತದೆ.

ಬಾಟಲಿಯ ಬಾಯಿಗೆ ಮೇಣ ಮೆತ್ತಿರುತ್ತಾರೆ. ಬಿಸಿ ಮಾಡಿ ಕರಗಿಸಲು ಹೋಗಬೇಡಿ, ಒಳಗೆ ಒತ್ತಡವಿದೆ. ಮುಚ್ಚಳದ ಅಂಚಿನ ಕೆಳಗೆ ಸಣ್ಣ ಚಾಕುವಿನಿಂದ ಸುತ್ತ ಗೀರಿ, ಆ ಪಟ್ಟಿ ಕಿತ್ತು, ಓಪನರ್ ಹಾಕಿದರೆ ಆಯಿತು. ಬಾಯಿಯನ್ನು ಬಟ್ಟೆಯಿಂದ ಒರೆಸದೆ ಸುರಿದರೆ ಮೇಣದ ಚೂರು ಗ್ಲಾಸಿಗೆ ಬೀಳುತ್ತದೆ. ತೆರೆದ ಕೂಡಲೇ ಭುಸ್ಸೆಂದು ನೊರೆ ಉಕ್ಕಿ, ಮೂಗಿಗೆ ಹುಳಿಮಜ್ಜಿಗೆಯಂಥ ವಾಸನೆ ಬಂದರೆ ಬ್ಯಾಕ್ಟೀರಿಯಾ ಸೇರಿದೆ ಅಂತ, ಅದು ಸಿಂಕಿಗೆ ಹೋಗಬೇಕಾದದ್ದು.

ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಲಿ, 12 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇದ್ದರೆ ಒಳ್ಳೆಯದು. ಇನ್ನೂ ತಣ್ಣಗಿದ್ದರೆ ನಾಲಿಗೆ ಮರಗಟ್ಟಿ ಕರಕಲು ಕಹಿ ಮಾತ್ರ ತಿಳಿಯುತ್ತದೆ, ಹೆಚ್ಚು ಬೆಚ್ಚಗಾದರೆ ಸ್ಪಿರಿಟ್ ವಾಸನೆ ಮುಂದೆ ಬರುತ್ತದೆ. ಬಾಯಿ ಕಿರಿದಾದ, ಹೊಟ್ಟೆ ದಪ್ಪಗಿರುವ ಗ್ಲಾಸಿನಲ್ಲಿ 60ರಿಂದ 90 ಎಂಎಲ್, ಅಷ್ಟೇ. ಕಂದು ನೊರೆ ಬೇಗ ಕೂತುಬಿಡುತ್ತದೆ, ಇಷ್ಟು ಆಲ್ಕೋಹಾಲಿನಲ್ಲಿ ಅದು ನಿಲ್ಲುವುದಿಲ್ಲ. ಗ್ಲಾಸನ್ನು ತುಸು ಓರೆ ಮಾಡಿ ಮತ್ತೆ ನೆಟ್ಟಗೆ ಹಿಡಿಯಿರಿ, ಗಾಜಿನ ಮೇಲೆ ಕಂದು ಪೊರೆಯೊಂದು ನಿಂತು, ಎಳೆಎಳೆಯಾಗಿ ನಿಧಾನ ಇಳಿಯುತ್ತದೆ. ಮಲೆನಾಡಿನ ಜೋನಿ ಬೆಲ್ಲವನ್ನು ಸ್ವಲ್ಪ ನೀರು ಮಾಡಿದರೆ ಹೇಗೋ ಹಾಗೆ.

ಕುಡಿಯುವ ಮೊದಲು ಮೂಸಿ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಏರುತ್ತಿರುವಾಗ ಬರುವ ವಾಸನೆ ಮೊದಲು, ಹಿಂದೆಯೇ ಒಣದ್ರಾಕ್ಷಿ, ಖರ್ಜೂರ, ವೆನಿಲ್ಲಾ. ಗುಟುಕು ಸಣ್ಣದಾಗಿರಲಿ, ನುಂಗದೆ ನಾಲಿಗೆಯ ಮೇಲೆ ಹರಡಿ. ಶುರುವಿನಲ್ಲಿ ಬರೀ ಸಿಹಿ, ಅಂಟಂಟು ಅನ್ನುವಷ್ಟು. ನಡುವೆ ಜ್ಯೇಷ್ಠಮಧು ಅಗಿದ ಹಾಗೆ ಒಂದು ರುಚಿ, ಚೂರು ಸೋಯಾ ಸಾಸ್. ನುಂಗಿದ ಮೇಲೆ ಹುರಿದ ಕಾಫಿ ಬೀಜದ ಕಹಿ, ಆಮೇಲೆ ಎದೆಯವರೆಗೂ ಇಳಿಯುವ ಬಿಸಿ. ಆ ಕಹಿ ಬರುವುದಕ್ಕೆ ಹತ್ತು ಸೆಕೆಂಡ್ ಕಾಯದೆ ಇನ್ನೊಂದು ಗುಟುಕು ಹಾಕಿದವರೇ ಬರೀ ಸಿಹಿ ಅಂತ ದೂರುವುದು. ಕಪಾಟಿನಲ್ಲಿ ಇಟ್ಟ ಹಳೆಯ ಬಾಟಲಿಯಾದರೆ ಆಲ್ಕೋಹಾಲಿನ ಉರಿ ಕಡಿಮೆ, ಆದರೆ ಕಾಫಿ, ವೆನಿಲ್ಲಾ, ಕಹಿ ಮೂರೂ ಮಾಸಿರುತ್ತವೆ, ಸಿಹಿ ಇನ್ನಷ್ಟು ಮುಂದೆ ಬರುತ್ತದೆ. ಇದನ್ನು ಹೊಸದಾಗಿರುವಾಗಲೇ ಕುಡಿಯುವುದು ಮೇಲು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಕೆಟ್ಟಿದೆ.

ನೀವು ಒಯ್ಯುವುದಾದರೆ ಓಲ್ಡ್ ರಾಸ್ಪುಟಿನ್‌ನ ನಾಲ್ಕರ ಪ್ಯಾಕ್ ಸಾಕು. ಕ್ಯಾಲಿಫೋರ್ನಿಯಾದ ನಾರ್ತ್ ಕೋಸ್ಟ್‌ನದು, 12 ಔನ್ಸ್, ಶೇ. 9, ಸಿಹಿ ಕಡಿಮೆ, ಹೊಸಬರ ನಾಲಿಗೆಗೂ ಒಗ್ಗುತ್ತದೆ. ಅಂಗಡಿಗೆ ಪಾಸ್‌ಪೋರ್ಟ್ ಒಯ್ಯಿರಿ, 21 ದಾಟಿದೆ ಅಂತ ತೋರಿಸಬೇಕಾಗುತ್ತದೆ. ಇದಕ್ಕಿಂತ ತಿಂಡಿ ಒಯ್ದರೆ ಎಲ್ಲರಿಗೂ ಖುಷಿ. ಬೆಣ್ಣೆ ಮುರುಕು ಬಹಳ ಹೊಂದುತ್ತದೆ, ಆ ಉಪ್ಪು ಸಿಹಿಯನ್ನು ಹಿಡಿಯುತ್ತದೆ. ಕೊಬ್ಬರಿ ಮಿಠಾಯಿಯೂ ವೆನಿಲ್ಲಾ ಜೊತೆ ಚೆನ್ನಾಗಿ ಹೋಗುತ್ತದೆ. ಮೈಸೂರು ಪಾಕ್ ಬೇಡ, ಎರಡೂ ಸಿಹಿ ಸೇರಿ ಓಕರಿಕೆ ಬರುತ್ತದೆ. ಖಾರದ ಕೋಡುಬಳೆ ಅಂತೂ ಬೇಡವೇ ಬೇಡ, ಆಲ್ಕೋಹಾಲ್ ಖಾರದ ಉರಿಯನ್ನು ಇಮ್ಮಡಿ ಮಾಡುತ್ತದೆ. ಕಡಲೆಕಾಯಿ ಹಾಕಿದ್ದು ಏನೇ ಒಯ್ದರೂ ಅಲರ್ಜಿ ಯಾರಿಗಿದೆ ಅಂತ ಮೊದಲು ಕೇಳಿ.

ಅಲ್ಲಿ ಹತ್ತು ಹನ್ನೆರಡು ಬಾಟಲಿ ತೆರೆಯಬಹುದು, ಎಲ್ಲವನ್ನೂ ಕುಡಿಯಲೇಬೇಕು ಅಂತಿಲ್ಲ. ಸುರಿಯುವವರಿಗೆ ‘ಸ್ಮಾಲ್ ಪೋರ್’ ಅನ್ನಿ, ಅರ್ಥವಾಗುತ್ತದೆ. ನಮ್ಮಲ್ಲಿ ಕೊಟ್ಟದ್ದನ್ನು ಬಿಟ್ಟರೆ ಮನೆಯವರು ನೊಂದುಕೊಳ್ಳುತ್ತಾರೆ, ಈ ಮೇಜಿನಲ್ಲಿ ಹಾಗಿಲ್ಲ. ನಡುವೆ ಒಂದು ಡಂಪ್ ಬಕೆಟ್ ಇಟ್ಟಿರುತ್ತಾರೆ, ಸೇರದ್ದನ್ನು ಅದಕ್ಕೆ ಸುರಿಯಬಹುದು. ಊಟ ಮಾಡಿಕೊಂಡೇ ಹೋಗಿ, ಪ್ರತಿ ಸುತ್ತಿಗೂ ಒಂದು ಲೋಟ ನೀರು ಕುಡಿಯಿರಿ. ಡಾರ್ಕ್ ಲಾರ್ಡ್ ಯಾವಾಗ ತೆರೆಯುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಹೆಚ್ಚಾಗಿ ಇಂಥದ್ದು ಕೊನೆಗೇ ಬರುವುದು, ಅಷ್ಟರೊಳಗೆ ನಾಲಿಗೆ ದಣಿದಿರಬಾರದು.