ಕಡಿಮೆ ಖರ್ಚಿನಲ್ಲಿ ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಫೋಟೋಗ್ರಫಿ ಶುರು ಮಾಡುವುದು ಹೇಗೆ?

ಮೀಡಿಯಂ ಫಾರ್ಮ್ಯಾಟ್ ಅಂದರೆ ಮಾಮೂಲಿ 35 ಮಿ.ಮೀ.ಗಿಂತ ದೊಡ್ಡ ಫಿಲ್ಮ್. ಅದಕ್ಕೆ ಯಾಶಿಕಾ ಡಿ ತರಹದ ಹಳೆಯ ಟ್ವಿನ್ ಲೆನ್ಸ್ (ಎರಡು ಲೆನ್ಸಿನ) ಕ್ಯಾಮೆರಾ ಕೊಳ್ಳಿ. ಮೇಲಿನ ಲೆನ್ಸಿನಲ್ಲಿ ನೋಡುವುದು, ಕೆಳಗಿನದರಲ್ಲಿ ಫೋಟೋ ತೆಗೆಯುವುದು. ಹ್ಯಾಸಲ್‌ಬ್ಲಾಡ್‌ನಂಥ ದುಬಾರಿ ಕ್ಯಾಮೆರಾ ಸದ್ಯಕ್ಕೆ ಬೇಡ. ಯಾಶಿಕಾದ ಚೌಕ ನೆಗೆಟಿವ್ ಸುಮಾರು 56 ಮಿ.ಮೀ. ಅಗಲ, ಅಷ್ಟೇ ಎತ್ತರ. ಅಂದರೆ ಮಾಮೂಲಿ 35 ಮಿ.ಮೀ. ನೆಗೆಟಿವ್‌ನ ಮೂರೂವರೆ ಪಟ್ಟು ಜಾಗ. ಪ್ರಿಂಟ್ ಮಾಡುವಾಗ ಜಾಸ್ತಿ ಹಿಗ್ಗಿಸಬೇಕಿಲ್ಲ, ಹಾಗಾಗಿ ಸಾಧಾರಣ ಲೆನ್ಸಿನ ಫೋಟೋ ಕೂಡ ಚೆನ್ನಾಗಿ ಕಾಣುತ್ತದೆ.

ಕೊಳ್ಳುವ ಮುಂಚೆ ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ. ಮಧ್ಯೆ ಸಿಕ್ಕಿಕೊಂಡರೆ ರಿಪೇರಿ ಖರ್ಚು ಗ್ಯಾರಂಟಿ.

ಆಮೇಲೆ ಕೈ ಕಚ್ಚುವುದು ಫಿಲ್ಮೇ. ಈ ಕ್ಯಾಮೆರಾಗೆ ಹಾಕುವ ‘120’ ಎಂಬ ಫಿಲ್ಮಿನ ಒಂದು ರೋಲಿಗೆ 12 ಫೋಟೋ ಅಷ್ಟೇ. ಕಪ್ಪುಬಿಳುಪು ಹಾಕಿ, ಮನೆಯಲ್ಲೇ ಡೆವಲಪ್ ಮಾಡಿ. ಬೆಳಕು ಅಳೆಯಲು ಮೊಬೈಲ್ ಆ್ಯಪ್ ಸಾಕು.