ರಬ್ಬರ್ ಸ್ಟ್ಯಾಂಪ್ ಒತ್ತಿ ಮನೆಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡುವಾಗ ಚಿತ್ರ ಸರಿಯಾಗಿ ಮೂಡುತ್ತಿಲ್ಲ, ಇನ್ನೂ ಏನೇನು ಕೊಳ್ಳಬೇಕು?

ನಿಮ್ಮ ಹತ್ತಿರ ಒಂದು ಸ್ಟ್ಯಾಂಪ್ ಸೆಟ್ ಇದೆ, ಒಂದು ಕಪ್ಪು ಇಂಕ್ ಪ್ಯಾಡ್ ಇದೆ. ಒತ್ತಿದ ಚಿತ್ರ ಅಲ್ಲಲ್ಲಿ ಬಿಟ್ಟುಬಿಟ್ಟು ಬರುತ್ತದೆ, ಬಣ್ಣ ತುಂಬಿದರೆ ಕಪ್ಪು ಗೆರೆ ಕದಡುತ್ತದೆ, ಕಾರ್ಡ್ ಮಡಿಸಿದ ಕಡೆ ಬಿರುಕು ಬಿಡುತ್ತದೆ ಅಂತ ಬರೆದಿದ್ದೀರಿ. ಇನ್ನೂ ಏನು ಕೊಳ್ಳಬೇಕು ಎನ್ನುವುದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಹೊಸ ಸ್ಟ್ಯಾಂಪ್ ಕೊಳ್ಳಬೇಡಿ. ಚಿತ್ರ ಮತ್ತು ಗೆರೆಯ ತೊಂದರೆಗಳಿಗೆ ಮುಖ್ಯವಾಗಿ ಇಂಕು, ಕಾಗದ ಮತ್ತು ಕೈಯ ಒತ್ತಡ ಒಂದಕ್ಕೊಂದು ಹೊಂದದೇ ಇರುವುದೇ ಕಾರಣ, ಬಿರುಕಿಗೆ ಮಡಿಸುವ ಕ್ರಮ ಕಾರಣ. ಈ ಮೂರು ಹೊಂದಿದರೆ ಒಂದೇ ಒಂದು ಎಲೆಯ ಸ್ಟ್ಯಾಂಪಿನಿಂದ ಹತ್ತಾರು ಬಗೆಯ ಕಾರ್ಡ್ ಮಾಡಬಹುದು. ನಾನು ಈಗಲೂ ಜಾಸ್ತಿ ಬಳಸುವುದು ಬೆರಳೆಣಿಕೆಯ ಸ್ಟ್ಯಾಂಪ್‌ಗಳನ್ನೇ.

ಮೊದಲು ನಿಮ್ಮ ಸ್ಟ್ಯಾಂಪ್ ಯಾವ ಜಾತಿಯದು ನೋಡಿಕೊಳ್ಳಿ. ಕೆಂಪು ಅಥವಾ ಬೂದು ಬಣ್ಣದ ನಿಜವಾದ ರಬ್ಬರಿನದು ಒಂದು ಬಗೆ. ಅದನ್ನು ಮರದ ತುಂಡಿಗೆ ಅಂಟಿಸಿರುತ್ತಾರೆ, ನಡುವೆ ತೆಳುವಾದ ಫೋಮ್ ಇರುತ್ತದೆ. ಇನ್ನೊಂದು ಗಾಜಿನ ಹಾಗೆ ಆಚೆ ಬದಿ ಕಾಣುವ ಕ್ಲಿಯರ್ ಸ್ಟ್ಯಾಂಪ್. ಅದು ಫೋಟೋಪಾಲಿಮರ್‌ನಲ್ಲಿ ಮಾಡಿದ್ದು, ಅಕ್ರಿಲಿಕ್ ಬ್ಲಾಕಿಗೆ ಅಂಟಿಸಿಕೊಂಡು ಒತ್ತಬೇಕು. ಕ್ಲಿಯರ್ ಸ್ಟ್ಯಾಂಪ್ ಎಲ್ಲಿ ಬೀಳುತ್ತದೆ ಅಂತ ಕಣ್ಣಿಗೆ ಕಾಣುತ್ತದೆ, ಹೊಸಬರಿಗೆ ಅದು ದೊಡ್ಡ ಅನುಕೂಲ. ರಬ್ಬರಿನದು ಸಣ್ಣ ಸಣ್ಣ ಗೆರೆಗಳನ್ನು ಚೆನ್ನಾಗಿ ಹಿಡಿಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಎರಡೂ ಒಳ್ಳೆಯವೇ.

ಹೊಸ ಕ್ಲಿಯರ್ ಸ್ಟ್ಯಾಂಪಿನ ಮೇಲೆ ತಯಾರಿಸುವಾಗ ಉಳಿದ ಜಿಡ್ಡಿನಂಥ ತೆಳು ಪದರ ಇರುತ್ತದೆ. ಎಣ್ಣೆ ಹಚ್ಚಿದ ತಟ್ಟೆಯ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತದಲ್ಲ, ಹಾಗೆ ಇಂಕು ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ನಿಮ್ಮ ಚಿತ್ರ ಬಿಟ್ಟುಬಿಟ್ಟು ಬರುತ್ತಿರುವುದಕ್ಕೆ ಇದೇ ಕಾರಣ ಇರಬಹುದು. ಪೆನ್ಸಿಲ್ ಅಳಿಸುವ ಸಾದಾ ರಬ್ಬರಿನಿಂದ ಸ್ಟ್ಯಾಂಪಿನ ಮುಖವನ್ನು ಹಗುರವಾಗಿ ಉಜ್ಜಿ. ಹೊಳಪು ಹೋಗಿ ಸ್ವಲ್ಪ ಮಂಕಾದರೆ ಸಾಕು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ರದ್ದಿ ಕಾಗದದ ಮೇಲೆ ಕೆಲವು ಸಲ ಒತ್ತಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇಂಕು ಹಚ್ಚುವ ಕ್ರಮದಲ್ಲೂ ಗಮನ ಬೇಕು. ಕಚೇರಿಯ ಸೀಲು ಒತ್ತಿ ಅಭ್ಯಾಸ ಇರುವವರು ಸ್ಟ್ಯಾಂಪನ್ನು ಪ್ಯಾಡಿಗೆ ಜೋರಾಗಿ ಒತ್ತುತ್ತಾರೆ. ಆಗ ಇಂಕು ಗೆರೆಗಳ ನಡುವಿನ ತಗ್ಗಿಗೂ ಇಳಿಯುತ್ತದೆ, ಅಂಚಿಗೂ ಹತ್ತುತ್ತದೆ. ಕಾರ್ಡಿನಲ್ಲಿ ಚಿತ್ರದ ಸುತ್ತ ಬೇಡದ ಕಲೆ ಬೀಳುವುದು ಅದರಿಂದಲೇ. ಸ್ಟ್ಯಾಂಪನ್ನು ಮುಖ ಮೇಲಾಗಿ ಮೇಜಿನ ಮೇಲಿಡಿ. ಪ್ಯಾಡನ್ನು ಕೈಗೆತ್ತಿಕೊಂಡು ಅದರ ಮೇಲೆ ಮೆಲ್ಲಗೆ ತಟ್ಟುತ್ತಾ ಹೋಗಿ. ನಂತರ ಸ್ಟ್ಯಾಂಪನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಇಂಕು ತಾಗಿದ ಗೆರೆಗಳು ಒದ್ದೆಯಾಗಿ ಹೊಳೆಯುತ್ತವೆ, ತಾಗದ ಕಡೆ ಮಂಕಾಗಿರುತ್ತದೆ. ಆ ಮಂಕು ಜಾಗಕ್ಕೆ ಮಾತ್ರ ಇನ್ನೊಂದು ಸಲ ತಟ್ಟಿ. ಅಂಚಿಗೆ ಹತ್ತಿದ ಇಂಕನ್ನು ಬಟ್ಟೆಯ ತುದಿಯಿಂದ ಒರೆಸಿಬಿಡಿ.

ಒತ್ತುವಾಗ ನಿಂತುಕೊಂಡು ಒತ್ತುವುದು ಒಳ್ಳೆಯದು, ಮೈಭಾರ ನೇರವಾಗಿ ಕೆಳಗೆ ಬೀಳುತ್ತದೆ. ಸ್ಟ್ಯಾಂಪನ್ನು ನೇರ ಇಳಿಸಿ, ಅಲ್ಲಾಡಿಸದೆ ಒತ್ತಿ, ನೇರ ಎತ್ತಿ. ಆ ಕಡೆ ಈ ಕಡೆ ತೂಗಿದರೆ ಗೆರೆ ಎರಡಾಗುತ್ತದೆ. ಬ್ಲಾಕ್ ದೊಡ್ಡದಿದ್ದರೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳುಗಳಿಂದ ಅದರ ಬೆನ್ನಿನ ಎಲ್ಲ ಕಡೆ ಒತ್ತುತ್ತಾ ಬನ್ನಿ. ಕ್ಲಿಯರ್ ಸ್ಟ್ಯಾಂಪಿನಲ್ಲಿ ಮೆತ್ತನೆಯ ಫೋಮ್ ಇರುವುದಿಲ್ಲವಾದ್ದರಿಂದ ಕಾಗದದ ಅಡಿಗೆ ಒಂದು ಮೌಸ್ ಪ್ಯಾಡ್ ಇಡಿ. ಇಷ್ಟರಿಂದಲೇ ಅರ್ಧ ಸಮಸ್ಯೆ ತೀರುತ್ತದೆ.

ಇನ್ನೊಂದು ಮಾತು. ಬರೀ ಗೆರೆಯ ಚಿತ್ರ ಇರುವ ಸ್ಟ್ಯಾಂಪಿಗೆ ಇಂಕೂ ಕಡಿಮೆ ಸಾಕು, ಒತ್ತಡವೂ ಕಡಿಮೆ ಸಾಕು. ಜೋರಾಗಿ ಒತ್ತಿದರೆ ಗೆರೆ ದಪ್ಪವಾಗುತ್ತದೆ. ಪೂರ್ತಿ ತುಂಬಿದ ಆಕಾರದ ಸ್ಟ್ಯಾಂಪಿಗೆ ಎರಡೂ ಜಾಸ್ತಿ ಬೇಕು. ಎರಡನ್ನೂ ಒಂದೇ ರೀತಿ ಒತ್ತಿದರೆ ಒಂದಲ್ಲ ಒಂದು ಕೆಡುತ್ತದೆ.

ಈಗ ಇಂಕಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಕಪ್ಪು ಗೆರೆ ಕದಡುವುದಕ್ಕೆ ಉತ್ತರ ಇಲ್ಲಿದೆ. ಡೈ ಇಂಕ್ ನೀರಿನ ಹಾಗೆ ತೆಳು. ಕಾಗದದೊಳಕ್ಕೆ ಇಳಿಯುತ್ತದೆ, ಬೇಗ ಒಣಗುತ್ತದೆ. ಬಿಸಿಲಿಗೆ ಇಟ್ಟರೆ ನಿಧಾನವಾಗಿ ಮಾಸುತ್ತದೆ. ಪಿಗ್ಮೆಂಟ್ ಇಂಕ್ ಗಟ್ಟಿ, ಕಾಗದದ ಮೇಲೆ ಕೂರುತ್ತದೆ. ಬಣ್ಣ ತುಂಬು ಗಾಢ, ಬೇಗ ಮಾಸುವುದಿಲ್ಲ, ಆದರೆ ಒಣಗಲು ಹೊತ್ತು ಹಿಡಿಯುತ್ತದೆ. ನುಣುಪಾದ ಗ್ಲಾಸಿ ಕಾಗದದ ಮೇಲಂತೂ ಒಣಗುವುದೇ ಕಷ್ಟ. ಮೂರನೆಯದು ಸಾಲ್ವೆಂಟ್ ಇಂಕ್. ಪ್ಲಾಸ್ಟಿಕ್, ಫಾಯಿಲ್‌ನಂಥ ಇಂಕು ಹೀರದ ವಸ್ತುಗಳ ಮೇಲೂ ಅದು ನಿಲ್ಲುತ್ತದೆ.

ಹಾಗಾದರೆ ಯಾವುದು ಬೇಕು? ಅದು ನೀವು ಬಣ್ಣ ತುಂಬುವುದು ಯಾವುದರಿಂದ ಎನ್ನುವುದರ ಮೇಲೆ ನಿಂತಿದೆ. ಜಲವರ್ಣ ಬಳಸುವುದಾದರೆ ಗೆರೆಯ ಇಂಕು ಒಣಗಿದ ಮೇಲೆ ನೀರಿಗೆ ಜಗ್ಗಬಾರದು, ಅಂದರೆ ಪ್ಯಾಡಿನ ಮೇಲೆ ವಾಟರ್‌ಪ್ರೂಫ್ ಅಂತ ಇರಬೇಕು. ಆಲ್ಕೋಹಾಲ್ ಮಾರ್ಕರ್ ಬಳಸುವುದಾದರೆ ಲೆಕ್ಕ ತಿರುವುಮುರುವು. ಸಾಲ್ವೆಂಟ್ ಇಂಕು ನೀರಿಗೆ ಜಗ್ಗದಿದ್ದರೂ ಮಾರ್ಕರಿನ ಆಲ್ಕೋಹಾಲಿಗೆ ಕರಗಿ ಬಣ್ಣದೊಳಗೆ ಹರಿದುಬಿಡುತ್ತದೆ. ಅಲ್ಲಿ ಮೆಮೆಂಟೊ ಬ್ರ್ಯಾಂಡ್ ತರಹದ, ಮಾರ್ಕರಿಗೆ ಹೊಂದುವ ಡೈ ಇಂಕ್ ಬೇಕು. ಬಣ್ಣದ ಪೆನ್ಸಿಲ್ ಆದರೆ ಚಿಂತೆಯೇ ಇಲ್ಲ, ಗೆರೆ ಚೆನ್ನಾಗಿ ಒಣಗಿದ್ದರೆ ಸಾಕು. ನಿಮ್ಮ ಪ್ಯಾಡಿನ ಮೇಲೆ ಏನೂ ಬರೆದಿಲ್ಲವಾದರೆ ಅದೇ ಕಾಗದದ ತುಂಡಿನ ಮೇಲೆ ಒಂದು ಸಲ ಒತ್ತಿ, ಪೂರ್ತಿ ಒಣಗಿಸಿ. ಅರ್ಧಕ್ಕೆ ಒದ್ದೆ ಕುಂಚ ಎಳೆಯಿರಿ, ಇನ್ನರ್ಧಕ್ಕೆ ಮಾರ್ಕರ್ ಎಳೆಯಿರಿ. ಯಾವುದಕ್ಕೆ ಕದಡಲಿಲ್ಲವೋ ಅದರಿಂದ ಬಣ್ಣ ತುಂಬಿ. ಸದ್ಯಕ್ಕೆ ಪೆನ್ಸಿಲ್‌ನಿಂದ ಶುರು ಮಾಡಿ ಎನ್ನುವುದು ನನ್ನ ಸಲಹೆ. ಕೈ ತಪ್ಪಿದರೂ ತಿದ್ದಿಕೊಳ್ಳಬಹುದು, ಕಾಗದವೂ ಉಬ್ಬುವುದಿಲ್ಲ.

ಕಾಗದ ನುಣುಪಾಗಿರಲಿ, ಆದರೆ ಗ್ಲಾಸಿ ಬೇಡ. ಮೇಲ್ಮೈ ಒರಟಾಗಿದ್ದರೆ ಅದರ ಸಣ್ಣ ತಗ್ಗುಗಳಿಗೆ ಸ್ಟ್ಯಾಂಪ್ ತಾಗುವುದೇ ಇಲ್ಲ, ಚಿತ್ರ ಬಿಟ್ಟುಬಿಟ್ಟು ಬರಲು ಅದೂ ಒಂದು ಕಾರಣ. ಕಾರ್ಡಿಗೆ 250ರಿಂದ 300 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಕಾಗದ ಇದ್ದರೆ ನೆಟ್ಟಗೆ ನಿಲ್ಲುತ್ತದೆ. ಒಂದು ಎ4 ಹಾಳೆ 210 × 297 ಮಿ.ಮೀ. ಅದನ್ನು ಅಡ್ಡಕ್ಕೆ ಅರ್ಧ ಮಾಡಿದರೆ ಎರಡು ಎ5. ಒಂದೊಂದನ್ನೂ 105 ಮಿ.ಮೀ.ಗೆ ಮಡಿಸಿದರೆ ಎ6 ಅಳತೆಯ ಕಾರ್ಡ್ ಆಗುತ್ತದೆ. ಸಿ6 ಲಕೋಟೆಯ ಅಳತೆ 114 × 162 ಮಿ.ಮೀ., ಅದರೊಳಗೆ ಈ ಕಾರ್ಡ್ ಸಲೀಸಾಗಿ ಕೂರುತ್ತದೆ. ಕಾಗದ ವ್ಯರ್ಥವಾಗುವುದಿಲ್ಲ.

ಮಡಿಕೆ ಬಿರಿಯುವುದು ದಪ್ಪ ಕಾಗದವನ್ನು ಸುಮ್ನೆ ಕೈಯಲ್ಲಿ ಬಗ್ಗಿಸುವುದರಿಂದ. ಮಡಿಸುವ ಮೊದಲು ಗೀರಬೇಕು. ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒಂದೇ ಒತ್ತಡದಲ್ಲಿ ಎಳೆದರೆ ಕಾಗದದಲ್ಲಿ ಕಾಲುವೆಯಂಥ ತಗ್ಗು ಬೀಳುತ್ತದೆ, ಹಿಂದೆ ಸಣ್ಣ ಉಬ್ಬು ಬರುತ್ತದೆ. ಆ ಉಬ್ಬು ಕಾರ್ಡಿನ ಒಳಬದಿಗೆ ಬರುವ ಹಾಗೆ ಮಡಿಸಿ. ಮೊದಲ ಸಲ ಇದು ಉಲ್ಟಾ ಅನ್ನಿಸುತ್ತದೆ, ಆದರೆ ಹೊರಗಿನ ನಾರು ಎಳೆದು ಹರಿಯದಿರುವುದು ಹೀಗೆ ಮಡಿಸಿದರೇನೇ. ಕಾಗದಕ್ಕೆ ನಾರಿನ ಓಟವೂ ಇರುತ್ತದೆ. ಹಾಳೆಯನ್ನು ಎರಡೂ ದಿಕ್ಕಿಗೆ ಹಗುರವಾಗಿ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಮಡಿಕೆ ನಾರಿನ ಉದ್ದಕ್ಕೇ ಇರುತ್ತದೆ, ಬಿರಿಯುವುದು ಕಡಿಮೆ.

ಈಗಿರುವ ಸ್ಟ್ಯಾಂಪಿನಿಂದಲೇ ಹೊಸತನ ತರುವುದು ಹೇಗೆ ಅಂತ ಕೇಳಿದರೆ ನನಗೆ ಎರಡು ವಿಧಾನ ತುಂಬಾ ಇಷ್ಟ. ಒಮ್ಮೆ ಇಂಕು ಹಚ್ಚಿ ಎರಡು ಸಲ ಒತ್ತುವುದು ಮೊದಲನೆಯದು. ಮೊದಲ ಒತ್ತು ಗಾಢ, ಎರಡನೆಯದು ತೆಳು. ಗಾಢವಾದ ಎಲೆ ಮುಂದೆ, ತೆಳುವಾದದ್ದು ಹಿಂದೆ ಬಿದ್ದರೆ ಚಿತ್ರಕ್ಕೆ ಆಳ ಬಂದುಬಿಡುತ್ತದೆ. ಎರಡನೆಯ ವಿಧಾನ ಮುಚ್ಚಿ ಒತ್ತುವುದು. ಮುಂದೆ ಕಾಣಬೇಕಾದ ಹೂವನ್ನು ಮೊದಲು ಕಾರ್ಡಿನ ಮೇಲೆ ಒತ್ತಿ. ಅದೇ ಹೂವನ್ನು ಸ್ಟಿಕಿ ನೋಟಿನ ಮೇಲೆ, ಅಂಟಿರುವ ಭಾಗ ಸೇರುವ ಹಾಗೆ ಒತ್ತಿ, ಗೆರೆಯ ಮೇಲೇ ಕತ್ತರಿಸಿ. ಆ ತುಂಡನ್ನು ಕಾರ್ಡಿನ ಹೂವಿನ ಮೇಲೆ ಅಂಟಿಸಿ, ಅದರ ಮೇಲೆ ಅರ್ಧ ಬರುವಂತೆ ಎಲೆ ಒತ್ತಿ. ತುಂಡು ತೆಗೆದರೆ ಎಲೆ ಹೂವಿನ ಹಿಂದಿನಿಂದ ಇಣುಕುತ್ತಿರುತ್ತದೆ. ಹೀಗೇ ಮುಂದುವರಿಸಿದರೆ ಎರಡೇ ಸ್ಟ್ಯಾಂಪಿನಿಂದ ಇಡೀ ಗೊಂಚಲು ಸಿಗುತ್ತದೆ.

ಏನಾದರೂ ಕೊಳ್ಳಲೇಬೇಕು ಅನ್ನಿಸಿದರೆ, ಹೀಟ್ ಎಂಬಾಸಿಂಗ್, ಅಂದರೆ ಪುಡಿಯನ್ನು ಶಾಖದಿಂದ ಕರಗಿಸಿ ಗೆರೆಯನ್ನು ಉಬ್ಬಿಸುವ ಸಾಮಾನು ಕೊಳ್ಳಿ. ವರ್ಸಾಮಾರ್ಕ್‌ನಂಥ ಬಣ್ಣವಿಲ್ಲದ ಅಂಟು ಇಂಕು, ಒಂದು ಬಣ್ಣದ ಎಂಬಾಸಿಂಗ್ ಪೌಡರ್, ಒಂದು ಹೀಟ್ ಗನ್. ಕಾಗದದ ಮೇಲೆ ಮೊದಲು ಚೂರು ಟಾಲ್ಕಂ ಪೌಡರ್ ಒರೆಸಿಕೊಳ್ಳಿ, ಬೇಡದ ಕಡೆ ಪುಡಿ ಅಂಟುವುದು ತಪ್ಪುತ್ತದೆ. ಸ್ಟ್ಯಾಂಪ್ ಒತ್ತಿ, ಇಂಕು ಹಸಿಯಿರುವಾಗಲೇ ಪುಡಿ ಸುರಿದು, ಕಾಗದ ಕೊಡವಿ. ಉಳಿದ ಪುಡಿ ಡಬ್ಬಿಗೆ ವಾಪಸ್ ಹಾಕಬಹುದು. ಚದುರಿದ ಕಾಳುಗಳನ್ನು ಒಣ ಕುಂಚದಿಂದ ತೆಗೆಯಿರಿ. ಗನ್ನನ್ನು ಕೆಲವು ಕ್ಷಣ ಬೇರೆ ಕಡೆ ಹಿಡಿದು ಬಿಸಿಯಾಗಲು ಬಿಟ್ಟು, ಆಮೇಲೆ ಚಿತ್ರದ ಕಡೆ ತನ್ನಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಸಕ್ಕರೆಯಂತೆ ಒರಟಾಗಿದ್ದ ಪುಡಿ ಕರಗಿ, ನುಣುಪಾಗಿ ಹೊಳೆಯಲು ಶುರುವಾಗುತ್ತದೆ. ಆ ಹೊಳಪು ಗೆರೆಯುದ್ದಕ್ಕೂ ಓಡುವುದನ್ನು ನೋಡುವುದೇ ಒಂದು ಖುಷಿ. ಹೊಳಪು ಬಂದ ಕೂಡಲೇ ಗನ್ ಮುಂದಕ್ಕೆ ಸರಿಸಿ. ಅಲ್ಲೇ ನಿಲ್ಲಿಸಿದರೆ ಪುಡಿ ಕಾಗದದೊಳಗೆ ಇಳಿದು, ಗೆರೆ ಚಪ್ಪಟೆಯಾಗಿ ಎಣ್ಣೆ ಕಲೆಯಂತೆ ಕಾಣುತ್ತದೆ. ಹೇರ್ ಡ್ರೈಯರ್‌ನಿಂದ ಇದು ಆಗದು. ಅದರ ಗಾಳಿ ಜೋರು, ಶಾಖ ಸಾಲದು, ಪುಡಿ ಹಾರಿಹೋಗುತ್ತದೆ. ಮಕ್ಕಳ ಕೈಗೆ ಹೀಟ್ ಗನ್ ಕೊಡಬೇಡಿ, ಕಿಟಕಿ ತೆರೆದಿಟ್ಟುಕೊಳ್ಳಿ. ಹೀಗೆ ಉಬ್ಬಿದ ಗೆರೆ ಜಲವರ್ಣಕ್ಕೆ ಒಡ್ಡಿನಂತೆ ನಿಲ್ಲುತ್ತದೆ, ಬಣ್ಣ ಆಚೆ ಹರಿಯುವುದಿಲ್ಲ.

ಅಕ್ಷರಗಳ ಬಗ್ಗೆ. ಕನ್ನಡದಲ್ಲಿ ಶುಭಾಶಯ ಬೇಕೆಂದರೆ ಒಂದೊಂದೇ ಅಕ್ಷರದ ಸ್ಟ್ಯಾಂಪ್ ಜೋಡಿಸಿ ಒತ್ತುವುದು ಕಷ್ಟ. ಕೊಂಬು, ದೀರ್ಘ, ಒತ್ತಕ್ಷರ ಎಲ್ಲವನ್ನೂ ಸರಿಯಾದ ಜಾಗದಲ್ಲಿ ಕೂರಿಸಬೇಕಲ್ವಾ? ಅದರ ಬದಲು ಪೂರ್ತಿ ಮಾತನ್ನೇ ಒಂದು ಸ್ಟ್ಯಾಂಪ್ ಮಾಡಿಕೊಳ್ಳಿ. ದೊಡ್ಡದೊಂದು ಪೆನ್ಸಿಲ್ ರಬ್ಬರ್, ಒಂದು ಸಣ್ಣ ಲೈನೋ ಕಟರ್ (ಕೊರೆಯುವ ಉಳಿ) ಇದ್ದರೆ ಮನೆಯಲ್ಲೇ ಆಗುತ್ತದೆ. ಟ್ರೇಸಿಂಗ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲ್‌ನಿಂದ ಸೀದಾ ಬರೆಯಿರಿ. ಬರೆದ ಮುಖವನ್ನು ರಬ್ಬರಿನ ಮೇಲೆ ಮಗುಚಿಟ್ಟು ಬೆನ್ನನ್ನು ಉಗುರಿನಿಂದ ಉಜ್ಜಿ. ಅಕ್ಷರ ತಾನಾಗಿಯೇ ಕನ್ನಡಿಯಲ್ಲಿ ಕಂಡಂತೆ ತಿರುಗಿ ಇಳಿಯುತ್ತದೆ, ಒತ್ತಿದಾಗ ಸರಿಯಾಗಿ ಬರುತ್ತದೆ. ಕೊರೆಯುವಾಗ ಗೆರೆಯ ಬುಡ ಅಗಲವಾಗಿ ಉಳಿಯಲಿ, ಗೆರೆಯ ಅಡಿಗೆ ಒಳಕ್ಕೆ ಕೊರೆದರೆ ಒತ್ತಿದಾಗ ಗೆರೆ ಮುರಿಯುತ್ತದೆ. ತಿರುವುಗಳಲ್ಲಿ ಕಟರ್ ತಿರುಗಿಸಬೇಡಿ, ರಬ್ಬರನ್ನೇ ತಿರುಗಿಸಿ. ಕಟರ್ ಹೋಗುವ ದಾರಿಯಲ್ಲಿ ನಿಮ್ಮ ಇನ್ನೊಂದು ಕೈಯ ಬೆರಳು ಇರಬಾರದು. ಕನ್ನಡದ ದುಂಡು ಅಕ್ಷರಗಳು ಇದಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತವೆ ಅಂದರೆ, ನನಗೆ ಅಂಗಡಿಯ ಸ್ಟ್ಯಾಂಪಿಗಿಂತ ಈ ಸ್ವಲ್ಪ ಏರುಪೇರಿನ ಅಕ್ಷರಗಳೇ ಹೆಚ್ಚು ಪ್ರೀತಿ. ಕೊರೆಯಲು ಮನಸ್ಸಿಲ್ಲದಿದ್ದರೆ ಕಚೇರಿಯ ಸೀಲು ಮಾಡಿಕೊಡುವವರಿಗೆ ನಿಮ್ಮ ಕೈಬರಹವನ್ನೇ ಕೊಟ್ಟು ಮಾಡಿಸಿಕೊಳ್ಳಬಹುದು.

ಶುಭಾಶಯದ ಸಾಲನ್ನು ಏನನ್ನೂ ಅಂಟಿಸುವ ಮೊದಲೇ ಒತ್ತಿಬಿಡಿ. ಫೋಮ್ ಟೇಪ್ ಹಾಕಿ ಪದರ ಏರಿಸಿದ ಮೇಲೆ ಸಮತಟ್ಟು ಜಾಗ ಸಿಗುವುದಿಲ್ಲ. ಚಿತ್ರದ ಸುತ್ತ ಖಾಲಿ ಜಾಗ ಧಾರಾಳವಾಗಿ ಬಿಡಿ. ತುಂಬಿಸಬೇಕು ಎನ್ನುವ ಆಸೆಯಲ್ಲಿ ಎಷ್ಟೋ ಒಳ್ಳೆಯ ಕಾರ್ಡುಗಳು ಗಿಜಿಗುಡುತ್ತವೆ.

ಕೆಲಸ ಮುಗಿದ ತಕ್ಷಣ ಸ್ಟ್ಯಾಂಪನ್ನು ಒದ್ದೆ ಬಟ್ಟೆಯಿಂದ ಒರೆಸಿ. ಸಾಲ್ವೆಂಟ್ ಇಂಕಿಗೆ ಮಾತ್ರ ಅದರದೇ ಕ್ಲೀನರ್ ಬೇಕು. ಬಣ್ಣದ ಕಲೆ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಮುಂದಿನ ಚಿತ್ರಕ್ಕೆ ಅದು ಇಳಿಯುವುದಿಲ್ಲ. ಬಿಸಿಲಿನಿಂದ ದೂರ ಇಡಿ. ನೀವೇ ಕೊರೆದ ರಬ್ಬರನ್ನು ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಡಬ್ಬಿಗೆ ನೇರವಾಗಿ ತಾಗಿಕೊಂಡಿದ್ದರೆ ಕೆಲವು ರಬ್ಬರುಗಳು ಅದಕ್ಕೇ ಕಚ್ಚಿಕೊಳ್ಳುತ್ತವೆ.

ಮುಂದೆ ಯಾವಾಗಲಾದರೂ ಕಾರ್ಡುಗಳನ್ನು ಮಾರುವ ಯೋಚನೆ ಬಂದರೆ ಒಂದು ವಿಷಯ ಗಮನದಲ್ಲಿರಲಿ. ಸ್ಟ್ಯಾಂಪ್ ನಿಮ್ಮದಾದರೂ ಅದರ ಚಿತ್ರದ ಕಾಪಿರೈಟ್ ಆ ಚಿತ್ರ ಮಾಡಿದವರದ್ದೇ. ಕೈಯಲ್ಲಿ ಒತ್ತಿ ಮಾಡಿದ ಕಾರ್ಡುಗಳನ್ನು ಮಾರಲು ಹಲವು ಕಂಪನಿಗಳು ಅನುಮತಿ ಕೊಡುತ್ತವೆ, ಅದಕ್ಕೆ ಏಂಜೆಲ್ ಪಾಲಿಸಿ ಎನ್ನುತ್ತಾರೆ. ಷರತ್ತುಗಳು ಒಂದೊಂದು ಕಂಪನಿಯದು ಒಂದೊಂದು ಥರ, ಓದಿಕೊಂಡೇ ಮುಂದುವರಿಯಿರಿ. ನೀವೇ ಬರೆದು ನೀವೇ ಕೊರೆದ ಸ್ಟ್ಯಾಂಪಿಗೆ ಯಾರನ್ನೂ ಕೇಳಬೇಕಾಗಿಲ್ಲ.