ಬೋರ್ಡಿನ ಮೇಲೆ ಕೆಂಪು ಹೆಸರು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬಂದವರ ಒಪ್ಪಿಗೆ ಪಡೆದು ಬರೆದದ್ದು.)

ಅವರು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ಇನ್‌ಚಾರ್ಜ್. ವಯಸ್ಸು ನಲವತ್ತರ ಆಸುಪಾಸು. ರಾತ್ರಿ ನಿದ್ದೆ ಇಲ್ಲ, ಮನೆಯಲ್ಲಿ ಮಕ್ಕಳ ಮೇಲೆ ಸುಮ್ಸುಮ್ನೆ ಸಿಟ್ಟು, ಬೆಳಗ್ಗೆ ಕಾರ್ಖಾನೆಯ ಗೇಟು ಕಂಡರೆ ಸಾಕು ಎದೆ ಡವಡವ. ಡಾಕ್ಟರು ಇಸಿಜಿ ಮಾಡಿಸಿ, ಹೃದಯಕ್ಕೇನೂ ಆಗಿಲ್ಲ ಎಂದು, ಸಮಾಲೋಚನೆಗಾಗಿ ನನ್ನ ಹತ್ತಿರ ಕಳಿಸಿದ್ದರು.

ಮೊದಲ ಸಲ ಕೂತಾಗ ತಮ್ಮ ಬಗ್ಗೆ ಹೇಳಿದ್ದು ಕಡಿಮೆ. ಕೆಲಸಗಾರರ ಬಗ್ಗೆಯೇ ಜಾಸ್ತಿ. "ಎಷ್ಟ್ ಟ್ರೇನಿಂಗ್ ಕೊಟ್ರೂ ಕಲಿಯಂಗಿಲ್ರಿ ಮೇಡಂ. ತಿಳೀತೇನು ಅಂದ್ರ ಎಲ್ಲಾರೂ ‘ಹೂಂ ಸರ್’ ಅಂತಾರ. ಮಾಲು ಗಿರಾಕಿ ಕಡೆ ಹೋಗಿ ಮಷಿನಿಂಗ್ ಆದಮ್ಯಾಲ ಬ್ಲೋಹೋಲ್ ಕಾಣ್ತಾವು."

ಎರಕದ ಕೆಲಸ ಗೊತ್ತಿಲ್ಲದವರಿಗಾಗಿ ಒಂದಿಷ್ಟು. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಒಳಗೆ ಟೊಳ್ಳು ಬೇಕಾದ ಕಡೆ ಮರಳಿನದೇ ಒಂದು ಕೋರ್ ಇಡುತ್ತಾರೆ. ಮರಳಿನಲ್ಲೋ ಕೋರಿನಲ್ಲೋ ತೇವ ಜಾಸ್ತಿ ಇದ್ದರೆ ಅದು ಆವಿಯಾಗುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಲೋಹದೊಳಗೇ ಗುಳ್ಳೆಯಾಗಿ ಉಳಿಯುತ್ತದೆ. ಇದೇ ಬ್ಲೋಹೋಲ್. ಎಷ್ಟೋ ಸಲ ಇದು ಮೇಲೆ ಕಾಣೋದೇ ಇಲ್ಲ. ಲೇತಿಗೆ ಹಾಕಿ ಮೇಲಿನ ಪದರ ಕೆತ್ತಿದಾಗಲೇ ಬಯಲಾಗೋದು. ತಪ್ಪಾಗಿ ವಾರಗಳೇ ಕಳೆದಿರುತ್ತವೆ. ಅಲ್ಲಿಯ ತನಕ ವಿಷಯ ಗೊತ್ತಿರುವುದು ಕೆಲಸ ಮಾಡಿದ ಕೈಗೆ ಮಾತ್ರ. ಆ ಕೈಯವರು ಬಾಯಿ ಬಿಡದಿದ್ದರೆ ಕ್ವಾಲಿಟಿ ಇನ್‌ಚಾರ್ಜ್ ಏನು ಮಾಡಿಯಾರು?

"ತಪ್ಪಾಯ್ತು ಅಂತ ಯಾರಾದ್ರೂ ಬಂದು ಹೇಳಿದರೆ ನಿಮ್ಮಲ್ಲಿ ಏನಾಗುತ್ತೆ?" ಎಂದು ಕೇಳಿದೆ.

"ಬೋರ್ಡ್ ಐತ್ರಿ. ಕೆಂಪು ಪೆನ್ನಿಂದ ಹೆಸರು ಬರೀತೀವಿ. ಪಗಾರದಾಗ ಹಿಡೀತೀವಿ."

ಬರೆಯುತ್ತಿದ್ದವರು ಇವರೇ. ಇನ್ನೊಂದು ಪ್ರಶ್ನೆ ಕೇಳಿದೆ: "ನೀವು ಮಾಲಕರಿಗೆ ಎಲ್ಲಾ ಹೇಳ್ತೀರಾ?" ಅವರು ನಕ್ಕುಬಿಟ್ಟರು. "ಎಲ್ಲಾ ಹೆಂಗ್ ಹೇಳಾಕ ಬರ್ತೈತ್ರಿ? ತಿಂಗಳ ಮೀಟಿಂಗ್‌ನಾಗ ಎಲ್ಲಾರ ಮುಂದ ಬೈತಾರ. ಆದಷ್ಟು ಮುಂದಿನ ತಿಂಗಳಿಗೆ ದೂಡ್ತೀನಿ."

ನಿದ್ದೆ ಹೋದದ್ದು ಇಲ್ಲೇ. ಕೆಳಗಿನವರು ಇವರಿಂದ ಮುಚ್ಚಿಡುತ್ತಾರೆ, ಇವರು ಮೇಲಿನವರಿಂದ ಮುಚ್ಚಿಡುತ್ತಾರೆ. ಯಾವ ದಿನ ಯಾವ ಗಿರಾಕಿಯ ಫೋನ್ ಬರುತ್ತದೋ ಎಂದು ಕಾಯುತ್ತಾ ಮಲಗುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ಉಸಿರಾಟದ ಅಭ್ಯಾಸ, ಸಂಜೆ ಮೇಲೆ ಚಹಾ ಬಿಡುವುದು, ಮಲಗುವ ಕೋಣೆಯಿಂದ ಫೋನ್ ಹೊರಗಿಡುವುದು, ಇವೆಲ್ಲ ಹೇಳಿಕೊಟ್ಟೆ. ಸ್ವಲ್ಪ ಹಗುರವಾಯಿತು. ಆದರೆ ರೋಗದ ಬೇರು ಬೋರ್ಡಿನಲ್ಲಿತ್ತು.

ಟ್ರೇನಿಂಗ್ ಬಗ್ಗೆ ಕೇಳಿದಾಗ ಇನ್ನೊಂದು ಸಂಗತಿ ಹೊರಬಂತು. ಪುಣೆಯಿಂದ ಒಬ್ಬರು ಬಂದು ಪ್ರೊಜೆಕ್ಟರ್ ಹಾಕಿ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರಂತೆ. ಕೇಳುವವರು ಕನ್ನಡ, ಮರಾಠಿ ಮಾತಾಡುವವರು. ಫರ್ನೇಸ್ ಕಡೆ ಬಿಹಾರದ ಹುಡುಗರು. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್. ನನಗೆ ಇಂಥ ಸರ್ಟಿಫಿಕೇಟ್‌ಗಳ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಗೊತ್ತಿಲ್ಲ ಎಂದು ಹೇಳಲು ಧೈರ್ಯ ಇಲ್ಲದ ಕಡೆ ಎಂಥ ಪಾಠವೂ ತಲೆಯ ಮೇಲೇ ಹೋಗುತ್ತದೆ.

ನಾನು ಕೊಟ್ಟ ಮೊದಲ ಸಲಹೆ ಅವರೊಬ್ಬರೇ ಮಾಡಬಹುದಾದದ್ದು. ಯಾರಾದರೂ ಕೆಟ್ಟ ಸುದ್ದಿ ತಂದರೆ ‘ಯಾರ್ ಮಾಡಿದ್ದು?’ ಎಂದು ಕೇಳಬೇಡಿ. ‘ಏನಾತು? ಯಾವಾಗಿಂದ ಹಿಂಗಾಗಾಕತ್ತೈತಿ?’ ಎಂದು ಕೇಳಿ. ಹೇಳಿದ್ದು ಚಲೋ ಆತು ಅನ್ನಿ. ಸಿಟ್ಟು ಬಂದರೆ ಒಂದು ಸುತ್ತು ಹೊರಗೆ ಹೋಗಿ ಬನ್ನಿ, ಆಮೇಲೆ ಮಾತಾಡಿ. ಆ ಮೊದಲ ನಿಮಿಷದಲ್ಲಿ ನಿಮ್ಮ ಮುಖ ಹೇಗಿತ್ತು ಅನ್ನೋದು ಊಟದ ಹೊತ್ತಿಗೆ ಇಡೀ ಶಾಪಿಗೆ ಗೊತ್ತಾಗಿರುತ್ತದೆ.

ಬೋರ್ಡ್ ತೆಗೆಯುವುದು ಬೇಡ ಎಂದೆ. ಹೆಸರು ಅಳಿಸಿ ಸಾಕು. ಯಾವ ದೋಷ, ಯಾವ ಹೀಟ್ (ಅಂದರೆ ಫರ್ನೇಸಿನಲ್ಲಿ ಯಾವ ಸಲ ಕರಗಿಸಿದ ಲೋಹ), ಆವತ್ತು ಏನು ಬೇರೆ ಇತ್ತು, ಏನು ಸರಿಮಾಡಿದೆವು, ಇಷ್ಟು ಬರೆಯಿರಿ. ಶಿಫ್ಟ್ ಶುರುವಾಗುವಾಗ ಹತ್ತು ನಿಮಿಷ ಬೋರ್ಡ್ ಮುಂದೆ ನಿಂತು ಮಾತಾಡಿ, ಅವರವರ ಭಾಷೆಯಲ್ಲಿ. ಮೊದಲ ದಿನ ನಿಮ್ಮದೇ ಒಂದು ತಪ್ಪು ಹೇಳಿ. ಇದಕ್ಕೆ ಅವರು ತುಂಬಾ ಹಿಂಜರಿದರು. "ಆಮ್ಯಾಲ ನನ್ನ ಮಾತು ಯಾರ್ ಕೇಳ್ತಾರ್ರಿ?" ಈಗ ಎಷ್ಟು ಕೇಳ್ತಿದ್ದಾರೆ ಎಂದು ಕೇಳಿದೆ.

ದಂಡದ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ವೇತನದ ಕಾನೂನಿನ ಪ್ರಕಾರ ದಂಡ ಹಾಕುವ ಮೊದಲು ಕೆಲಸಗಾರನ ವಿವರಣೆ ಕೇಳಬೇಕು. ಒಂದು ಸಂಬಳದ ಅವಧಿಯಲ್ಲಿ ಒಟ್ಟು ದಂಡ ಸಂಬಳದ 3 ಶೇಕಡಾ ದಾಟುವಂತಿಲ್ಲ. ಹಾಗಂತ ಎಲ್ಲಕ್ಕೂ ಮಾಫಿ ಅಂತಲೂ ಅಲ್ಲ. ಕುಡಿದು ಫರ್ನೇಸ್ ಹತ್ತಿರ ಬರುವುದು, ಗೊತ್ತಿದ್ದೂ ಕನ್ನಡಕ ಹಾಕದೆ ಲೋಹ ಹೊಯ್ಯುವುದು ಕೈತಪ್ಪಿ ಆಗುವುದಲ್ಲ. ಅದಕ್ಕೆ ಕ್ರಮ ಇರಲೇಬೇಕು. ಎರಡರ ನಡುವಿನ ಗೆರೆ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಅಮೆರಿಕದ ವಿಮಾನಯಾನದಲ್ಲಿ 1976ರಿಂದ ಇಂಥದೇ ಏರ್ಪಾಡಿದೆ. ಪೈಲಟ್ ತನ್ನ ತಪ್ಪನ್ನು ನಾಸಾಗೆ ಬರೆದು ಕಳಿಸಬಹುದು, ಹೆಸರು ಗುಟ್ಟಾಗಿರುತ್ತದೆ. ಬೇಕೆಂದೇ ಮಾಡಿದ್ದಲ್ಲದಿದ್ದರೆ, ಹತ್ತು ದಿನದೊಳಗೆ ತಿಳಿಸಿದ್ದರೆ, ಸಾಮಾನ್ಯವಾಗಿ ದಂಡ ಬಿಡುತ್ತಾರೆ. ಅಪರಾಧಕ್ಕೂ ಅಪಘಾತಕ್ಕೂ ಈ ರಿಯಾಯಿತಿ ಇಲ್ಲ. ಇದನ್ನು ಕೇಳಿ ಅವರು ತಮ್ಮದೇ ಒಂದು ನಿಯಮ ಮಾಡಿಕೊಂಡರು: ಶಿಫ್ಟ್ ಮುಗಿಯುವುದರೊಳಗೆ ತಾನಾಗೇ ಬಂದು ಹೇಳಿದರೆ ಪಗಾರ ಹಿಡಿಯಂಗಿಲ್ಲ.

ಶುರುವಿನಲ್ಲಿ ಬೋರ್ಡ್ ಮುಂದೆ ಯಾರೂ ಮಾತಾಡಲಿಲ್ಲವಂತೆ. ಇದು ಯಾವ ಉಪಾಯ ಎಂಬಂತೆ ನೋಡುತ್ತಾ ನಿಂತರಂತೆ. ಅನುಮಾನ ಸಹಜ ಅಲ್ವಾ? ಕೊನೆಗೆ ಮಾತಾಡಿದವರು ಕೋರ್ ಶಾಪಿನ ಒಬ್ಬ ಹೆಂಗಸು. "ಮಿರಗಾ ಮಳಿ ಹಿಡದಾಗಿಂದ ರಾತ್ರಿ ಕೋರ್ ಬಾಗಲಾ ಕಡೆ ನೆಲದ ಮ್ಯಾಲೇ ಇಡ್ತಾರ್ರಿ ಸರ್. ಮುಂಜಾನಿ ಮುಟ್ಟಿದ್ರ ತಣ್ಣಗ ಹಸಿ ಹಸಿ ಇರ್ತಾವು." ಬೆಳಗಾವಿಯ ಮಳೆಗಾಲ ಎಂಥದ್ದು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆಕೆಗೆ ಹಿಂದಿನ ವರ್ಷವೂ ಇದು ಗೊತ್ತಿತ್ತು. ಯಾರೂ ಕೇಳಿರಲಿಲ್ಲ. ಕೇಳದೇ ಹೇಳಿದರೆ ತನ್ನ ಹೆಸರೇ ಬೋರ್ಡಿಗೆ ಹೋಗುತ್ತೆಂಬ ಹೆದರಿಕೆ ಬೇರೆ. ಓವನ್ ಪಕ್ಕದಲ್ಲಿ ಒಂದು ರ್‍ಯಾಕ್ ಮಾಡಿಸಿದರು. ಮಾಲಿನಲ್ಲಿ ಏನು ಫರಕಾಯಿತು ಎಂದು ನೋಡಲು ಗಿರಾಕಿಯ ಮಷಿನಿಂಗ್ ತನಕ ಕಾಯಬೇಕಿತ್ತು.

ಅಷ್ಟರಲ್ಲಿ ಮಾಲಕರಿಂದ ನನಗೇ ಫೋನ್. "ಮೇಡಂ, ನಿಮ್ಮ ಕಡೆ ಬರಾಕತ್ತಿದಾಗಿಂದ ತಪ್ಪು ಜಾಸ್ತಿ ಆಗ್ಯಾವಲ್ರೀ! ಬೋರ್ಡ್ ತುಂಬೇತಿ." ಇನ್‌ಚಾರ್ಜ್ ಹೇಳಿಕೊಂಡ ವಿಷಯ ಒಂದನ್ನೂ ಅವರ ಮುಂದೆ ಎತ್ತಲಿಲ್ಲ. ಹಾರ್ವರ್ಡ್‌ನ ಎಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನದ ಬಗ್ಗೆ ಮಾತ್ರ ಹೇಳಿದೆ. ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲಿ ಔಷಧಿ ಕೊಡುವ ತಪ್ಪು ಕಡಿಮೆ ಇರಬೇಕು ಎಂದು ಆಕೆ ಅಂದುಕೊಂಡಿದ್ದರು. ಲೆಕ್ಕದಲ್ಲಿ ಅಂಥ ತಂಡಗಳದ್ದೇ ಜಾಸ್ತಿ ಬಂತು. ಅವರು ಹೆಚ್ಚು ತಪ್ಪು ಮಾಡುತ್ತಿದ್ದಾರೆ ಅನ್ನುವುದಕ್ಕಿಂತ, ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತಿದ್ದಾರೆ ಅನ್ನುವುದು ಆಕೆಗೆ ಆಮೇಲೆ ಹೊಳೆದದ್ದು. "ಬೋರ್ಡ್ ತುಂಬಿದ್ದು ನೋಡಬೇಡಿ ಸಾಹೇಬ್ರ, ಗಿರಾಕಿ ಕಡೆಯಿಂದ ವಾಪಸ್ ಬರೋದು ಎಷ್ಟು ಅಂತ ಕೆಲವು ತಿಂಗಳು ನೋಡಿ" ಎಂದೆ. ತಿಂಗಳ ಮೀಟಿಂಗಲ್ಲಿ ಬೈಯುವ ಬದಲು ಪ್ರತಿಯೊಬ್ಬರೂ ಒಂದು ಕೆಟ್ಟ ಸುದ್ದಿ ತರಲೇಬೇಕು ಎಂಬ ನಿಯಮ ಮಾಡಿ ಎಂದೂ ಹೇಳಿದೆ. "ನೋಡೂಣ್ರಿ" ಎಂದರು. ನಮ್ಮ ಕಡೆ ಹಾಗೆಂದರೆ ಹೂಂ ಎಂದೂ ಆಗಬಹುದು, ಇಲ್ಲವೆಂದೂ ಆಗಬಹುದು.

ಇನ್‌ಚಾರ್ಜ್ ಈಗ ತಿಂಗಳಿಗೊಮ್ಮೆ ಬರುತ್ತಾರೆ. ನಿದ್ದೆ ಸುಧಾರಿಸಿದೆ, ಎದೆ ಡವಡವ ಕಡಿಮೆಯಾಗಿದೆ. ಹೊಸ ಬೋರ್ಡ್ ಉಳಿದಿದೆ, ಶಿಫ್ಟಿನ ಹತ್ತು ನಿಮಿಷವೂ ನಡೆಯುತ್ತಿದೆ. ಕೆಟ್ಟ ಮಾಲಿಗೆ ಹಣ ಮುರಿದುಕೊಂಡಿದ್ದೇವೆ ಎಂದು ಗಿರಾಕಿಯಿಂದ ಡೆಬಿಟ್ ನೋಟ್ ಬಂದ ದಿನ ಮಾತ್ರ ಮಾಲಕರ ಕ್ಯಾಬಿನ್‌ನಿಂದ ಹಳೇ ಪ್ರಶ್ನೆಯೇ ಕೇಳಿಬರುತ್ತದೆ. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬನ್ನಿ ಎಂದಿದ್ದೇನೆ. ದಿನ ಇನ್ನೂ ಗೊತ್ತಾಗಿಲ್ಲ.